ಹಿನ್ನೀರಿನ ಬಯಲಿನಲ್ಲಿ ಅಣ್ಣನ ಬೈಕು

ಹೋದ ತಿಂಗಳು ಕೊಪ್ಪದ ಪಾತ್ರೆ ಅಂಗಡಿಯಲ್ಲಿ ಕುಕ್ಕರಿಗೊಂದು ಹೊಸ ಗ್ಯಾಸ್ಕೆಟ್ ಕೊಳ್ಳುತ್ತಿದ್ದೆ. ಅಂಗಡಿಯವಳು ಪ್ಲಾಸ್ಟಿಕ್ ಕವರು ಹರಿದು ಕಪ್ಪು ರಬ್ಬರಿನ ಬಳೆಯನ್ನು ನನ್ನ ಕೈಗಿಟ್ಟಳು. ಅಳತೆ ಸರಿಯಿದೆಯೇ ಎಂದು ನೋಡುವುದನ್ನು ಬಿಟ್ಟು ನಾನು ಅದನ್ನು ಮೂಗಿಗೆ ಹಿಡಿದೆ. ಬರೀ ರಬ್ಬರಿನ ವಾಸನೆ. ಆದರೆ ಅದರ ಬೆನ್ನಿಗೇ ಅಲ್ಲಿ ಇಲ್ಲದ ಪೆಟ್ರೋಲಿನ ವಾಸನೆ ಬಂತು, ಸುಟ್ಟ ಎಣ್ಣೆಯ ನೀಲಿ ಹೊಗೆ ಬಂತು... ಬಾಳಗಡಿಯ ನಮ್ಮ ಮನೆಯ ಓನರ್ ಬಂದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ ಇರಬೇಕು. ನಾನು ನರಸಿಂಹರಾಜಪುರದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಬಾಳಗಡಿಯಲ್ಲಿ ಅವರ ಮನೆಯ ಮುಂದಿನ ಭಾಗ ಬಾಡಿಗೆಗೆ ಹಿಡಿದಿದ್ದೆ, ಹಿಂದಿನ ಭಾಗದಲ್ಲಿ ಅವರೂ ಅವರ ಹೆಂಡತಿಯೂ ಇದ್ದರು. ಮಕ್ಕಳಿರಲಿಲ್ಲ. ಬಾಡಿಗೆಗೆ ಬಂದ ವಾರದಲ್ಲೇ ಅವರು ನನಗೆ ಅಣ್ಣ, ಅವರ ಹೆಂಡತಿ ಅತ್ತಿಗೆ ಆಗಿಬಿಟ್ಟಿದ್ದರು. ಅಣ್ಣ ಶೃಂಗೇರಿಯಿಂದ ಕೊಪ್ಪ, ಎನ್.ಆರ್. ಪುರದ ಮೇಲೆ ಶಿವಮೊಗ್ಗಕ್ಕೆ ಹೋಗುವ ಒಂದು ಖಾಸಗಿ ಬಸ್ಸಿನ ಡ್ರೈವರ್. ನಾನು ಶಾಲೆಗೆ ಹೋಗುತ್ತಿದ್ದದ್ದು ಅವರ ಬಸ್ಸಿನಲ್ಲೇ.

ಹಣೆಗೆ ವಿಭೂತಿ, ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ, ಕನ್ನಡಿಯಲ್ಲಿ ಆಗಾಗ ಕ್ರಾಪು ನೋಡಿಕೊಳ್ಳುವ ಚಟ. ಡ್ರೈವಿಂಗ್ ಬಗ್ಗೆ ಅಣ್ಣನಿಗೆ ಒಳ್ಳೆಯ ಜಂಬವಿತ್ತು. ಏರಿನಲ್ಲಿ ಬಸ್ಸಿನ ಟರ್ಬೋ ಸಿಳ್ಳೆ ಹಾಕಲು ಶುರು ಮಾಡಿದರೆ ಇವರೂ ತುಟಿ ಚೂಪು ಮಾಡಿ ಅದರ ಜೊತೆಗೆ ಸಿಳ್ಳೆ ಹಾಕುತ್ತಿದ್ದರು. ಊಟಕ್ಕೆ ಕೂತಾಗಲೂ ಒಮ್ಮೊಮ್ಮೆ ಆ ಸಿಳ್ಳೆ ಬರುತ್ತಿತ್ತು. ಅತ್ತಿಗೆ, ಅನ್ನದ ಮುಂದೆ ಬಸ್ಸು ಬಿಡಬೇಡಿ ಎಂದು ಗದರುತ್ತಿದ್ದರು.

ಆ ಬಸ್ಸಿನ ಕೊನೆಯ ದಿನ ನಾನು ಮುಂದಿನ ಸೀಟಿನಲ್ಲೇ ಕೂತಿದ್ದೆ. ಎನ್.ಆರ್. ಪುರದ ಸ್ಟ್ಯಾಂಡಿಗೆ ಬಸ್ಸು ತಿರುಗುತ್ತಿತ್ತು. ಎಡಗಡೆಯಿಂದ ಒಬ್ಬ ಹೆಂಗಸು ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಬರುತ್ತಿದ್ದಳು. ಬಸ್ಸಿನಲ್ಲಿದ್ದ ನಮಗೆಲ್ಲ ಕಾಣುತ್ತಿತ್ತು. ಅಣ್ಣನಿಗೆ ಕಾಣಲಿಲ್ಲ. ಕಂಡಕ್ಟರ್ ಕೂಗಿದ ಮೇಲೆ ಬ್ರೇಕ್ ಬಿತ್ತು. ಅವಳ ಸೆರಗು ಬಸ್ಸಿನ ಮುಖಕ್ಕೆ ತಾಗಿತ್ತು, ಅಷ್ಟೇ. ಅವಳು ಬೈದು ಮುಂದೆ ಹೋದಳು. ಅಣ್ಣ ಎಂಜಿನ್ ಆರಿಸಿದರು, ಕೀ ತೆಗೆದು ಕಂಡಕ್ಟರನ ಕೈಗೆ ಕೊಟ್ಟರು. ಬೇರೆ ಯಾರನ್ನಾದರೂ ಕರೆಸು ಎಂದಷ್ಟೇ ಹೇಳಿ ಇಳಿದರು. ಎದುರಿಗೆ ನಿಂತಿದ್ದ ಕೊಪ್ಪದ ಬಸ್ಸಿನ ಹಿಂದಿನ ಸೀಟಿನಲ್ಲಿ ಪ್ರಯಾಣಿಕರ ಹಾಗೆ ಹೋಗಿ ಕೂತರು. ಮತ್ತೆ ಅವರು ಸ್ಟಿಯರಿಂಗ್ ಮುಟ್ಟಲಿಲ್ಲ.

ಕಣ್ಣು ಮಸುಕಾಗುತ್ತಿರುವುದು ಅವರಿಗೆ ಕೆಲವು ತಿಂಗಳ ಹಿಂದೆಯೇ ಗೊತ್ತಿತ್ತಂತೆ. ಹೆಂಡತಿಗೂ ಹೇಳಿರಲಿಲ್ಲ. ಶಿವಮೊಗ್ಗದ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನ ಒಳಗಿನ ಒತ್ತಡಕ್ಕೆ ನರ ಸತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಒಂದಷ್ಟು ದಿನ ಉಳಿಸಿಕೊಳ್ಳಬಹುದು ಎಂದು ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು. ಸುತ್ತಲಿನದೆಲ್ಲ ಅಳಿಸಿಹೋಗಿ ನಡುವಿನದು ಮಾತ್ರ ಉಳಿದಿತ್ತು. ಪೈಪಿನಲ್ಲಿ ಇಣುಕಿದ ಹಾಗೆ ಕಾಣುತ್ತದೆ, ಪೈಪು ದಿನೇ ದಿನೇ ಸಣ್ಣದಾಗುತ್ತಿದೆ ಎನ್ನುತ್ತಿದ್ದರು.

ಆ ಮಳೆಗಾಲವಿಡೀ ಅಣ್ಣ ಮಾತಾಡಲಿಲ್ಲ. ದಾರಿಯಲ್ಲಿ ಬಸ್ಸಿನ ಸದ್ದು ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದರು. ಮಳೆ ಹೊಳವಾದ ಮೇಲೆ ಒಂದು ದಿನ, ಶಿವಮೊಗ್ಗಕ್ಕೆ ಕಣ್ಣು ತೋರಿಸಲು ಹೋದವರು ಒಂದು ಗೋಣಿಚೀಲ ಹೊತ್ತುಕೊಂಡು ಬಂದರು. ಗುಜರಿಯಿಂದ ತಂದ ಟರ್ಬೋ ಅದು, ಯಾವುದೋ ಸಣ್ಣ ಡೀಸೆಲ್ ಕಾರಿನದು. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಬ್ಬಿಣ. ಒಂದು ಬದಿಯ ಚಕ್ರವನ್ನು ಎಂಜಿನ್ ಉಗುಳುವ ಬಿಸಿ ಹೊಗೆ ತಿರುಗಿಸುತ್ತದೆ, ಅದೇ ಸರಳಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿ ಎಳೆದು ಒತ್ತಿ ಎಂಜಿನ್ನಿಗೆ ತುಂಬುತ್ತದೆ ಎಂದು ನನಗೆ ವಿವರಿಸಿದರು. ಇದನ್ನು ತಮ್ಮ ಹಳೇ ಟೂ-ಸ್ಟ್ರೋಕ್ ಬೈಕಿಗೆ ಕೂರಿಸುವುದು ಅವರ ಯೋಚನೆ. ಮದುವೆಯಾದ ಹೊಸತರಲ್ಲಿ ಅತ್ತಿಗೆಯನ್ನು ಹಿಂದೆ ಕೂರಿಸಿಕೊಂಡು ತಿರುಗಿದ ಬೈಕು ಅದು. ಆಗ ಹಿತ್ತಲ ಕಡೆಯ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು.

"ಎಂತಕ್ಕೆ ಇದು?" ಎಂದರು ಅತ್ತಿಗೆ.

"ಬಸ್ಸಂತೂ ಹೋಯ್ತು. ಆ ಸಿಳ್ಳೆ ಒಂದಾದ್ರೂ ನನ್ನ ಹತ್ರ ಇರ್ಲಿ. ಕಣ್ಣು ಪೂರ್ತಿ ಹೋಗೋದ್ರೊಳಗೆ ಮುಗಿಸ್ಬೇಕು," ಎಂದರು ಅಣ್ಣ.

ಅತ್ತಿಗೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಗಂಡನ ಕಣ್ಣು ಹೋಗುತ್ತಿರುವಾಗ ಗುಜರಿ ಸಾಮಾನು ತಂದರೆ ಯಾರಿಗಾದರೂ ಹಾಗೆಯೇ ಆಗುತ್ತದೆ. ಅದರ ಮೇಲೆ ಅವರ ಕುಕ್ಕರ್ ಮಾಯವಾಯಿತು.

ಕುಕ್ಕರಿನ ಕಥೆ ಹೀಗೆ. ಗಾಳಿಯನ್ನು ಒತ್ತಿ ಕಳಿಸಿದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಸಂದಿಗೊಂದಿಯಿಂದೆಲ್ಲ ಪೆಟ್ರೋಲು ಹೊರಗೆ ಚಿಮ್ಮುತ್ತದೆ. ಹಾಗಾಗಬಾರದು ಎಂದರೆ ಇಡೀ ಕಾರ್ಬುರೇಟರನ್ನೇ ಗಾಳಿಯಾಡದ ಒಂದು ಡಬ್ಬಿಯೊಳಗೆ ಕೂರಿಸಬೇಕು. ಅಣ್ಣನಿಗೆ ಸಿಕ್ಕ ಡಬ್ಬಿ ಅತ್ತಿಗೆಯ ತವರಿನವರು ಕೊಟ್ಟ ಅಲ್ಯುಮಿನಿಯಂ ಕುಕ್ಕರ್. ಎನ್.ಆರ್. ಪುರದಲ್ಲಿ ಲೇತ್ ಅಂಗಡಿ ಇಟ್ಟಿದ್ದ ಸಾಬ್ರು ಅಣ್ಣನ ಹಳೆಯ ಸ್ನೇಹಿತರು. ಅವರು ಕುಕ್ಕರಿಗೆ ತೂತು ಕೊರೆದು ಪೈಪು ಜೋಡಿಸಿಕೊಟ್ಟರು. ತೂತು ಬಿದ್ದ ಕುಕ್ಕರನ್ನು ಕಂಡ ಅತ್ತಿಗೆ ಅತ್ತೇಬಿಟ್ಟರು. ಸಾಬ್ರು ತಲೆ ತಗ್ಗಿಸಿ ನಿಂತು, ಇದು ನಿಮ್ಮದು ಅಂತ ನಂಗೆ ಗೊತ್ತಿರ್ಲಿಲ್ಲಕ್ಕ ಎಂದು ಮತ್ತೆ ಮತ್ತೆ ಹೇಳಿದರು.

ಕುಕ್ಕರಿನ ರಬ್ಬರು ಪೆಟ್ರೋಲಿಗೆ ತಡೆಯುತ್ತಿರಲಿಲ್ಲ. ನಾಲ್ಕು ದಿನಕ್ಕೆ ಉಬ್ಬಿ ಹಪ್ಪಳದ ಹಾಗಾಗುತ್ತಿತ್ತು. ಹೊಸದು ತರುವ ಕೆಲಸ ನನ್ನದಾಯಿತು. ಕೊಪ್ಪದ ಅಂಗಡಿಯವರು, ಎಂತ ಟೀಚರೇ, ನಿಮ್ಮನೇಲಿ ದಿನಾ ಮದುವೆ ಅಡುಗೆಯಾ ಎಂದು ಕೇಳಿದ್ದರು.

ಅತ್ತಿಗೆ ಶೆಡ್ಡಿಗೆ ಕಾಲಿಟ್ಟಿದ್ದು ಯಾವಾಗ ಎಂದು ಸರಿಯಾಗಿ ನೆನಪಿಲ್ಲ... ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಅಣ್ಣ ನೆಲದಲ್ಲಿ ಬಿದ್ದ ಸ್ಕ್ರೂ ಹುಡುಕುತ್ತಿದ್ದರು. ಅದು ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಕೂತು ಸ್ಕ್ರೂ ಎತ್ತಿ ಕೊಟ್ಟರು. ಅವತ್ತಿಂದ ಅಣ್ಣ ಹೇಳುವುದು, ಅತ್ತಿಗೆ ಮಾಡುವುದು. ಕಾಣದ್ದನ್ನು ಅಣ್ಣ ಬೆರಳಿನಿಂದ ಸವರಿ ತಿಳಿದುಕೊಳ್ಳುತ್ತಿದ್ದರು, ಬೆರಳಿಗೂ ಸಿಗದ್ದನ್ನು ಅತ್ತಿಗೆ ನೋಡಿ ಹೇಳುತ್ತಿದ್ದರು. ಜಗಳವೂ ಆಗುತ್ತಿತ್ತು. ಎಡಕ್ಕೆ ತಿರುಗಿಸು ಎಂದರೆ ಯಾರ ಎಡ ಎಂದು ಅತ್ತಿಗೆ ಕೇಳುತ್ತಿದ್ದರು. ಆದರೆ ಅಣ್ಣ ಬಸ್ಸಿನ ಕೆಲಸ ಬಿಟ್ಟ ಮೇಲೆ ಆ ಮನೆಯಲ್ಲಿ ನಾನು ನಗು ಕೇಳಿದ್ದು ಆ ಶೆಡ್ಡಿನಿಂದಲೇ.

ಮೊದಲ ಸಲ ಎಂಜಿನ್ ಶುರುವಾದಾಗ ನಾನೂ ಇದ್ದೆ. ನೀಲಿ ಹೊಗೆ ಶೆಡ್ಡು ತುಂಬಿ ಹಿತ್ತಲಿಗೆ ಹರಿಯಿತು. ಅಣ್ಣ ಆಕ್ಸಿಲರೇಟರ್ ಏರಿಸಿದರು. ಸಣ್ಣಗೆ ಸಿಳ್ಳೆಯಂಥದೇನೋ ಕೇಳಿತು, ಅಷ್ಟರಲ್ಲಿ ಫಟ್ ಎಂದು ಎಲ್ಲ ನಿಂತುಹೋಯಿತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ತಲೆ ಕರಗಿ ತೂತು ಬಿದ್ದಿತ್ತು. ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದೆ ಒಳಗೆ ಕಾದುಬಿಟ್ಟಿದೆ ಎಂದರು ಸಾಬ್ರು. ಅಣ್ಣ ಆ ತೂತಿನಲ್ಲಿ ಬೆರಳು ತೂರಿಸಿ ಎಷ್ಟೋ ಹೊತ್ತು ಕೂತಿದ್ದರು. ಬೇಜಾರಾಗಿದ್ದು ಪಿಸ್ಟನ್ ಹೋಯಿತೆಂದಲ್ಲ. ಮತ್ತೆ ಎಲ್ಲ ಬಿಚ್ಚಿ ಜೋಡಿಸುವಷ್ಟು ದಿನ ಕಣ್ಣು ಇರುತ್ತದೆಯೇ ಎಂಬುದು ಅವರ ಚಿಂತೆಯಾಗಿತ್ತು.

ಇರಲಿಲ್ಲ. ಹೊಸ ಪಿಸ್ಟನ್ ಬಂತು, ಸಾಬ್ರು ಎಂಜಿನ್ನಿನ ಹೆಡ್ಡಿನ ಕೆಳಗೆ ದಪ್ಪನೆಯ ತಗಡು ಕೊಟ್ಟು ಒಳಗಿನ ಒತ್ತಡ ತಗ್ಗಿಸಿದರು, ಟರ್ಬೋಗೆ ಎಣ್ಣೆ ಹರಿಸಲು ಬೇರೆಯೇ ಒಂದು ಸಣ್ಣ ಪಂಪು ಕೂರಿಸಿದರು. ಎಲ್ಲ ಮುಗಿದು ಎಂಜಿನ್ ನಿಲ್ಲದೆ ಓಡುವ ಹೊತ್ತಿಗೆ ಬೇಸಿಗೆ ಬಂದಿತ್ತು. ಅಣ್ಣನಿಗೆ ಬೆಳಕು ಯಾವ ಕಡೆಯಿದೆ ಎಂಬುದಷ್ಟು ಗೊತ್ತಾಗುತ್ತಿತ್ತು. ಮುಖಗಳು ಕಾಣುತ್ತಿರಲಿಲ್ಲ.

ರಸ್ತೆಯಲ್ಲಿ ಓಡಿಸುವ ಮಾತೇ ಇರಲಿಲ್ಲ. ಆದರೆ ಬೇಸಿಗೆಯಲ್ಲಿ ಎನ್.ಆರ್. ಪುರದ ಹತ್ತಿರ ಭದ್ರಾ ಹಿನ್ನೀರು ಇಳಿದು ದೊಡ್ಡ ಬಯಲು ಏಳುತ್ತದೆ. ಮರವಿಲ್ಲ, ಬೇಲಿಯಿಲ್ಲ, ಗಟ್ಟಿ ನೆಲದ ಮೇಲೆ ಕಿರುಹುಲ್ಲು. ಅಲ್ಲಾದರೆ ಏನಕ್ಕೂ ತಾಗುವ ಭಯವಿಲ್ಲ ಎಂದು ಹೇಳಿದ್ದು ಅಣ್ಣನೇ. ಒಂದು ಭಾನುವಾರ ಬೆಳಿಗ್ಗೆ ಬೈಕನ್ನು ಗೂಡ್ಸ್ ಆಟೋಗೆ ಏರಿಸಿಕೊಂಡು ಹೋದೆವು. ಸಾಬ್ರು ಮೊದಲು ನಿಧಾನ ಒಂದು ಸುತ್ತು ಹೊಡೆದು ನೆಲ ನೋಡಿಕೊಂಡು ಬಂದರು. ಆಮೇಲೆ ಅಣ್ಣನನ್ನು ಸೂರ್ಯನ ಕಡೆಗೆ ಮುಖ ಮಾಡಿ ಕೂರಿಸಿದರು. ನೀರು ಬಲಗಡೆ, ಬಹಳ ದೂರ ಇತ್ತು. ಬಿಸಿಲು ಮುಖಕ್ಕೆ ಇಟ್ಟುಕೊಂಡು ಹೋಗು, ಎಡಕ್ಕೆ ತಿರುಗಿಸಿ ಬಿಸಿಲು ಬೆನ್ನಿಗೆ ಹಾಕಿಕೊಂಡು ಬಾ ಎಂದರು.

ಅಣ್ಣ ಹೊರಟರು. ಮೊದಲು ಬರೀ ಟೂ-ಸ್ಟ್ರೋಕಿನ ಕಿರುಚಾಟ. ಸ್ವಲ್ಪ ದೂರ ಹೋದ ಮೇಲೆ ಅದರೊಳಗಿಂದ ಆ ಸಿಳ್ಳೆ ಎದ್ದಿತು. ತೆಳ್ಳಗೆ, ಏರುತ್ತಾ... ಬೈಕು ಯಾರೋ ಹಿಂದಿನಿಂದ ತಳ್ಳಿದ ಹಾಗೆ ಮುಂದಕ್ಕೆ ಚಿಮ್ಮಿತು. ಸಾಬ್ರು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. ಅತ್ತಿಗೆ ಮಾತ್ರ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಅಣ್ಣ ತಿರುಗಿಸಿದರು, ವಾಪಸ್ಸು ಬಂದರು. ನಾವು ಎಲ್ಲಿದ್ದೇವೆ ಎಂದು ತಿಳಿಯದೆ ಬಹಳ ದೂರದಲ್ಲೇ ನಿಲ್ಲಿಸಿ ಕಾಲು ಊರಿದರು. ಬಯಲಿನ ನಡುವೆ ಒಬ್ಬರೇ, ಬೇರೆ ಯಾವ ಕಡೆಗೋ ಮುಖ ಮಾಡಿ, ನಾವು ಬರುವುದನ್ನು ಕಾಯುತ್ತಿದ್ದರು.

ಅತ್ತಿಗೆ ನಡೆದುಕೊಂಡು ಹೋದರು. ಏನೋ ಮಾತಾಡಿಕೊಂಡರು. ನೋಡುತ್ತಿದ್ದಂತೆಯೇ ಅತ್ತಿಗೆ ಸೀರೆ ಸರಿ ಮಾಡಿಕೊಂಡು ಹಿಂದಿನ ಸೀಟು ಹತ್ತಿದರು. ಬೈಕು ಮತ್ತೆ ಸೂರ್ಯನ ಕಡೆಗೆ ಹೊರಟಿತು. ದೂರದಲ್ಲಿ ಚುಕ್ಕೆಯಷ್ಟಾದ ಮೇಲೆ ವೇಗ ತಗ್ಗಿತು, ನಿಂತೇಹೋಯಿತೇನೋ ಅನಿಸಿತು, ಆಮೇಲೆ ಎಡಕ್ಕೆ ಬಾಗಿ ದೊಡ್ಡದೊಂದು ಸುತ್ತು ಹಾಕಿ ಬಂತು. ಬರುವಾಗ ಅತ್ತಿಗೆಯ ಕೆನ್ನೆ ಅಣ್ಣನ ಬೆನ್ನಿಗೆ ಒತ್ತಿಕೊಂಡಿತ್ತು. ಇಷ್ಟು ವರ್ಷ ಯಾರಾದರೂ ಸುಖ ಅಂದಾಗೆಲ್ಲ ನನಗೆ ನೆನಪಾಗುತ್ತಿದ್ದದ್ದು ಅದೇ ಚಿತ್ರ.

ಆಮೇಲಿನದನ್ನು ಹೆಚ್ಚು ಹೇಳುವುದಕ್ಕಿಲ್ಲ. ಬೈಕು ಶೆಡ್ಡಿಗೆ ಮರಳಿತು. ಮಾಡುವ ಕೆಲಸ ಮುಗಿದಿತ್ತು. ಅಣ್ಣ ಬೆಳಿಗ್ಗೆ ಎದ್ದು ಜಗಲಿಯಲ್ಲಿ ಕೂತರೆ ಕತ್ತಲಾಗುವ ತನಕ ಅಲ್ಲೇ. ಅವರಿಗೆ ಬೆಳಕು, ಕತ್ತಲೆಗಳ ವ್ಯತ್ಯಾಸವೂ ನಿಧಾನವಾಗಿ ಹೋಯಿತು. ಆ ಬೈಕಿನ ಕೆಲ್ಸ ಮುಗೀಬಾರ್ದಿತ್ತು ಮಾರಾಯ್ತಿ ಎಂದು ಅತ್ತಿಗೆ ನನ್ನ ಹತ್ತಿರ ಒಮ್ಮೆ ಹೇಳಿದ್ದರು. ನನಗೆ ಬೇರೆ ಊರಿಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ ಒಂದು ಮಳೆಗಾಲದ ಜ್ವರದಲ್ಲಿ ಅಣ್ಣ ಹೋದರು. ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೈಕನ್ನು ಸಾಬ್ರು ಒಯ್ದರಂತೆ. ಅತ್ತಿಗೆ ಮನೆ ಮಾರಿ ಶೃಂಗೇರಿಯಲ್ಲಿರುವ ತಂಗಿಯ ಜೊತೆ ಇರಲು ಹೋದರು.

ಹೋದ ತಿಂಗಳು ಆ ಅಂಗಡಿಯಿಂದ ಬಂದವಳು ಮುಂದಿನ ಭಾನುವಾರವೇ ಶೃಂಗೇರಿಗೆ ಹೋದೆ. ಅತ್ತಿಗೆಗೆ ವಯಸ್ಸಾಗಿದೆ. ಕಾಫಿ ಕುಡಿಯುತ್ತಾ ಬಯಲಿನ ಆ ಬೆಳಿಗ್ಗೆಯ ಮಾತು ತೆಗೆದೆ. ಎಷ್ಟು ಚೆನ್ನಾಗಿತ್ತು ಅಲ್ವಾ ಅತ್ತಿಗೆ, ನೀವು ಹಿಂದೆ ಕೂತು ಹೋಗಿದ್ದು ಎಂದೆ. ಅವರು ಲೋಟ ಕೆಳಗಿಟ್ಟರು.

"ನೀ ಹಂಗಂದ್ಕೊಂಡಿದ್ಯಾ? ಅವತ್ತು ಹೊರಡೋವಾಗ ಕಣ್ಣಿಗೆ ಹನಿ ಹಾಕೋಕೆ ಹೋದ್ರೆ ಬೇಡ ಅಂದ್ರು. ಇನ್ನೆಂತಕ್ಕೆ ಅಂದ್ರು. ಅದಕ್ಕೇ ಹತ್ತಿ ಕೂತಿದ್ದು."

ಕೆಳಗಿಟ್ಟ ಲೋಟವನ್ನು ಅತ್ತಿಗೆ ಇನ್ನಷ್ಟು ಆಚೆ ಸರಿಸಿದರು.

"ಆ ತುದೀಲಿ ಗಾಡಿ ನಿಧಾನ ಮಾಡಿ, ನೀರು ಯಾವ ಕಡೆ ಅಂತ ಕೇಳಿದ್ರು. ನೀರಿಗೇ ಗಾಡಿ ಬಿಡೋಕೆ ಕೇಳ್ತಿದಾರೆ ಅನ್ನಿಸ್ತು, ನಾ ಎಡಕ್ಕೆ ಅಂದೆ. ನೀರಿದ್ದಿದ್ದು ಬಲಕ್ಕೆ. ನೀರಿನ ಮೇಲಿಂದ ತಣ್ಣನೆ ಗಾಳಿ ಬಲಗೆನ್ನೆಗೆ ಹೊಡೀತಿತ್ತು, ನಂಗೇ ಗೊತ್ತಾಗ್ತಿತ್ತು. ಅಷ್ಟು ವರ್ಷ ಬಸ್ಸು ಓಡಿಸಿದವ್ರಿಗೆ ಗೊತ್ತಾಗ್ದೆ ಇರುತ್ತಾ? ಗೊತ್ತಿದ್ದೂ ನಾ ಹೇಳಿದ ಕಡೆಗೇ ತಿರುಗಿಸಿದ್ರು. ಮನೆಗೆ ಬಂದು, ಹನಿ ಹಾಕು ಅಂದ್ರು."

ಅಣ್ಣ ಹೋಗುವ ತನಕ ಇಬ್ಬರೂ ಆ ಮಾತು ಎತ್ತಲಿಲ್ಲವಂತೆ.

ನಾನು ಬಲ್ಲೆ ಅಂದುಕೊಂಡಿದ್ದ ಅಣ್ಣನನ್ನು ಈಗ ಮತ್ತೊಮ್ಮೆ ಕಳೆದುಕೊಂಡ ಹಾಗಾಯಿತು. ಹೊರಟಾಗ ನಾನು ಬೇಡವೆಂದರೂ ಅತ್ತಿಗೆ ಬಸ್ ಸ್ಟ್ಯಾಂಡಿನ ತನಕ ಬಂದರು. ರಸ್ತೆ ದಾಟುವಾಗ ನನ್ನ ಮೊಣಕೈ ಹಿಡಿದು ಅರ್ಧ ಹೆಜ್ಜೆ ಮುಂದೆ ನಡೆದರು. ವರ್ಷಗಟ್ಟಲೆ ಒಬ್ಬರನ್ನು ನಡೆಸಿದ ಕೈ. ಆಚೆ ಬದಿ ತಲುಪಿದ ಮೇಲೂ ಅವರು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.