ಮೆಟ್ಟಿಲ ಕಂಬಿಯ ಕಾಗದ

ನಮ್ಮ ಅಕ್ಕ ಬಿದ್ದದ್ದು ಕೆಲಸ ಮುಗಿಸಿ ಮನೆಗೆ ಬರುವಾಗ, ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಇಳಿಯುವ ಕಲ್ಲುಮೆಟ್ಟಿಲ ಮೇಲೆ. ಹಿಡಿದುಕೊಂಡ ಕಬ್ಬಿಣದ ಕಂಬಿ ಬುಡಸಮೇತ ಕಿತ್ತು ಕೈಗೇ ಬಂತು. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಊರವರ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವಳು ಈಗ ತೊಡೆಯೊಳಗೆ ಸ್ಟೀಲಿನ ಸರಳು ಹಾಕಿಸಿಕೊಂಡು ಕಿಟಕಿ ಪಕ್ಕ ಮಲಗಿದ್ದಾಳೆ. ನೆಲಕ್ಕೆ ಕಾಲೂರಬೇಕಾದರೆ ಆಚೆ ಈಚೆ ಒಬ್ಬೊಬ್ಬರು ಹಿಡಿಯಬೇಕು.

ಅವಳ ಗಂಡ, ಅಂದರೆ ನಮ್ಮ ಭಾವನ ಅಂಗಡಿ ಅದೇ ಮೆಟ್ಟಿಲ ಬುಡದಲ್ಲಿದೆ. ಅಂಗಡಿ ಅನ್ನುವುದು ದೊಡ್ಡ ಮಾತಾಯಿತು. ಒಬ್ಬರು ಕೂತರೆ ಇನ್ನೊಬ್ಬರು ಆಚೆ ನಿಲ್ಲಬೇಕಾದ ತಗಡಿನ ಗೂಡು. ಬೀಗ ರಿಪೇರಿ, ಕೀಲಿಕೈ ಮಾಡುವುದು ಕಸುಬು. ಬಾಡಿಗೆದಾರ ಬಿಟ್ಟು ಓಡಿಹೋದ ಮನೆಯ ಬಾಗಿಲು ತೆಗೆಸಲು ಪುರಸಭೆಯವರು ಕರೆಯುವುದು ಇವರನ್ನೇ. ಬೀಗ ತೆಗೆದ ಮೇಲೆ ಕಾಗದ ಚಾಚಿ, "ಯಜಮಾನ್ರೇ, ಸಾಕ್ಷಿಗೆ ಒಂದು ಸಹಿ" ಅನ್ನುತ್ತಿದ್ದರು. ಹೀಗೆ ಶುರುವಾದದ್ದು ಬರಬರುತ್ತ ಬೀಗವೇ ಇಲ್ಲದ ಕೆಲಸಗಳಿಗೂ ಬೆಳೆಯಿತು. ಬೀದಿಯವರು "ಸಹಿ ಸಾಹೇಬ್ರು" ಅಂತ ಹೆಸರಿಟ್ಟರು. ಹೆಬ್ಬೆಟ್ಟು ಒತ್ತುತ್ತಿದ್ದ ಅಪ್ಪನ ಮಗನಿಗೆ ಅದೇನು ಕಡಿಮೆ ಮರ್ಯಾದೆಯೇ? ಸಹಿಯ ಕೊನೆಗೆ ಉದ್ದ ಬಾಲ ಎಳೆದು, ಕೆಳಗೆ ಎರಡು ಚುಕ್ಕೆ ಇಡುತ್ತಿದ್ದರು. "ನಿಮಗಿಂತ ನಿಮ್ಮ ಸಹಿಗೇ ಜಂಬ ಜಾಸ್ತಿ" ಎಂದು ಅಕ್ಕ ಕಾಲೆಳೆಯುತ್ತಿದ್ದಳು.

ಆ ಕಂಬಿ ಅಲ್ಲಾಡುವುದು ಬೀದಿಗೆಲ್ಲ ಗೊತ್ತಿತ್ತು. ಭಾವನೇ ಒಮ್ಮೆ ತಂತಿ ಸುತ್ತಿ ಬಿಗಿದಿದ್ದರು. ಅಕ್ಕ ಬಿದ್ದ ಮೇಲೆ ದೂರು ಕೊಡಲು ಹೋದರೆ ಪುರಸಭೆಯ ಗುಮಾಸ್ತ ತಲೆಯನ್ನೂ ಎತ್ತದೆ, "ಅಲ್ಲಿ ಹೋದ ವರ್ಷಾನೇ ಹೊಸ ಕಂಬಿ ಹಾಕಿದೆ, ಗಟ್ಟಿಯಾಗಿದೆ ಅಂತ ಕಡತದಲ್ಲೇ ಇದೆ. ನಿಮ್ಮೋರು ನೋಡ್ಕೊಂಡು ನಡೀಬೇಕಿತ್ತು" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಭಾವ ಬೆಕ್ಕಸಬೆರಗಾಗಿ ನಿಂತುಬಿಟ್ಟರು. ದಿನಾ ಕಣ್ಣೆದುರಿಗಿದ್ದ ತುಕ್ಕು ಹಿಡಿದ ಕಂಬಿ ಹೊಸದಂತೆ!

"ಗಟ್ಟಿಯಾಗಿದೆ ಅಂತ ಬರ್ಕೊಟ್ಟೋನು ಯಾರು? ಅವನ ಮುಖ ನೋಡ್ಬೇಕು ನಾನು" ಎಂದರು ಮನೆಗೆ ಬಂದು. "ಅವನ ಕೈ ಸೇದೋಗ!"

ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟವನು ನಾನು. ಕಂಬಿ ಕೆಲಸದ ಕಡತದಲ್ಲಿರುವ ಕಾಗದಗಳ ನಕಲು ಕೊಡಿ ಎಂದು ಕೇಳಿದೆವು. ಇವತ್ತು ಬಾ, ನಾಳೆ ಬಾ ಎಂದು ಅಲೆಸಿದರು. ಕಡತ ಮೇಲಿನವರ ಮೇಜಿನಲ್ಲಿದೆ, ಝೆರಾಕ್ಸ್ ಮಿಷನ್ ಕೆಟ್ಟಿದೆ, ಒಂದಲ್ಲ ಒಂದು. ನಾನೂ ಜಗ್ಗುವ ಆಸಾಮಿಯಲ್ಲ. ಮೇಲ್ಮನವಿ ಹಾಕುತ್ತೇನೆ ಎಂದು ಗುಡುಗಿದ ಮೇಲೆ ಲಕೋಟೆ ಕೈಗೆ ಬಂತು.

ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಕೂತು ನಾನು ಓದಿದೆ, ಭಾವ ಕೇಳಿದರು. ಹಳೆಯ ಕಂಬಿ ತೆಗೆಯಲಾಗಿದೆ. ಹೊಸದನ್ನು ಕಾಂಕ್ರೀಟಿನಲ್ಲಿ ಹೂತು ಹಸಿರು ಬಣ್ಣ ಬಳಿಯಲಾಗಿದೆ. "ಹಸಿರಾ?" ಎಂದರು ಭಾವ, ಬಣ್ಣದ ಹೆಸರನ್ನೇ ಮೊದಲ ಸಲ ಕೇಳಿದವರ ಹಾಗೆ. ಕೊನೆಯ ಹಾಳೆ ಸ್ಥಳ ಪರಿಶೀಲನೆಯದು. ಸ್ಥಳೀಯರ ಎದುರಿನಲ್ಲಿ ಕಂಬಿಯನ್ನು ಎಳೆದು ನೋಡಲಾಗಿ, ಗಟ್ಟಿಮುಟ್ಟಾಗಿದೆಯೆಂದು ಸಾಕ್ಷಿಯವರು ಒಪ್ಪಿದ್ದಾರೆ. ಅದರ ಕೆಳಗೆ ಸಹಿ. ಉದ್ದ ಬಾಲ, ಎರಡು ಚುಕ್ಕೆ.

ನಾನು ಓದುವುದನ್ನು ನಿಲ್ಲಿಸಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದೆ.

"ಯಾಕೋ ನಿಲ್ಲಿಸ್ದೆ? ಆ ಮಹಾನುಭಾವನ ಹೆಸರು ಓದು" ಎಂದರು ಭಾವ. ನಾನು ಹಾಳೆಯನ್ನೇ ಅವರ ಕೈಗೆ ಕೊಟ್ಟೆ. ನೋಡಿದರು. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡು ಮತ್ತೆ ನೋಡಿದರು. ಮುಖ ಬಿಳಚಿಕೊಂಡಿತು.

"ಪುರಸಭೆ ಓವರ್‌ಸಿಯರ್ ಬಂದಿದ್ರು ಕಣೋ. ಅಂಗಡಿ ಮುಂದೇನೇ ನಿಂತು ಚಹಾ ಕುಡಿದು ಕಾಗದ ಚಾಚಿದ್ರು."

"ನೀವು ಓದ್ಲಿಲ್ವಾ ಭಾವ?"

"ಎದುರಿಗೇ ನಿಂತಿರೋ ಮನುಷ್ಯನ ಕಾಗದ ಓದಿದ್ರೆ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದಂಗಲ್ವೇನೋ? ನಾನು ಯಾವತ್ತೂ ಓದಿಲ್ಲ."

ಯಾವತ್ತೂ ಓದಿಲ್ಲವಂತೆ! ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದೆ. ಆ ಮುಖ ನೋಡಿ, ಹಾಳೆಗಳನ್ನು ಲಕೋಟೆಗೆ ತುರುಕಿ ಎದ್ದೆ.

ಮನೆಯಲ್ಲಿ ಅಕ್ಕ ಕಾಯುತ್ತಿದ್ದಳು. "ಯಾರಂತೆ?" ಎಂದಳು. ಭಾವ ಹಾಳೆಯನ್ನು ಹಾಸಿಗೆಯ ಮೇಲಿಟ್ಟು ಗೋಡೆಗೆ ಮುಖ ಮಾಡಿ ನಿಂತರು. ಆ ಬಾಲವನ್ನು ಅವಳು ಗುರುತಿಸದೆ ಇರುತ್ತಾಳೆಯೇ? ಒಂದು ಕೈ ತೊಡೆಯ ಮೇಲಿಟ್ಟುಕೊಂಡು, ಇನ್ನೊಂದರ ಬೆರಳನ್ನು ಬಾಲದ ಉದ್ದಕ್ಕೂ ಎಳೆದಳು. ಕೂಗಾಡಿಬಿಟ್ಟಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ರೀ, ಇನ್ನೂ ಎಲ್ಲೆಲ್ಲಿ ಹಾಕಿದೀರಿ ಇದನ್ನ?" ಎಂದಳು ಕೊನೆಗೆ.

ಭಾವನಿಗೆ ನೆನಪಿರಲಿಲ್ಲ. ಅದಕ್ಕೇ ಅವರ ಹೆಸರಿನಲ್ಲೇ ಎರಡನೆಯ ಅರ್ಜಿ ಹಾಕಿದೆವು: ನಾನು ಸಾಕ್ಷಿ ಸಹಿ ಹಾಕಿರುವ ಕಾಗದಗಳನ್ನೆಲ್ಲ ನನಗೆ ತೋರಿಸಿ. "ನೀವು ಹಾಕಿದ ಸಹಿ ನಿಮಗೇ ಗೊತ್ತಿಲ್ವಾ ಯಜಮಾನ್ರೇ?" ಎಂದು ಗುಮಾಸ್ತ ಕಿಸಕ್ಕನೆ ನಕ್ಕ. ಭಾವ ನಗಲಿಲ್ಲ. ಕಡೆಗೊಂದು ದಿನ ದಾಖಲೆ ಕೋಣೆಗೆ ಕರೆದು, ದೂಳು ಹಿಡಿದ ಕಟ್ಟುಗಳನ್ನು ಮೇಜಿನ ಮೇಲೆ ಒಟ್ಟಿದರು. ಭಾವ ಮೊದಲನೆಯದನ್ನು ಬಿಚ್ಚಿ, ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. ಮೇಲಿನ ಬೀದಿಯ ಶಾಲೆಯದು. ಛಾವಣಿಯ ತೊಲೆಗಳನ್ನು ಬದಲಾಯಿಸಲಾಗಿದೆ. ಸಾಕ್ಷಿಯವರು ಖುದ್ದು ನೋಡಿ ಒಪ್ಪಿದ್ದಾರೆ. ಉದ್ದ ಬಾಲ, ಎರಡು ಚುಕ್ಕೆ.

"ಅಲ್ಲಿ ತೊಲೆ ಬದಲಾಯ್ಸಿದ್ದು ನೀನು ನೋಡಿದ್ಯೇನೋ?"

"ಇಲ್ಲ ಭಾವ."

"ನಾನೂ ನೋಡಿಲ್ಲ" ಎಂದವರೇ ಉಳಿದ ಕಟ್ಟುಗಳನ್ನು ಅಲ್ಲೇ ಬಿಟ್ಟು ಎದ್ದರು. ಬಸ್ಸು ತಪ್ಪಿಹೋಗುತ್ತಿದ್ದರೂ ಓಡದ ಮನುಷ್ಯ ಆವತ್ತು ಓಡಿದರು. ನಾನು ಏದುಸಿರು ಬಿಡುತ್ತ ಶಾಲೆ ಮುಟ್ಟುವಷ್ಟರಲ್ಲಿ ಅವರು ತರಗತಿಯ ಬಾಗಿಲಲ್ಲಿ ನಿಂತಿದ್ದರು. ಮಕ್ಕಳು ಮಗ್ಗಿ ಹೇಳುವುದನ್ನು ನಿಲ್ಲಿಸಿ ನೋಡುತ್ತಿದ್ದವು.

"ಯಾರ್ರೀ ನೀವು? ಪಾಠ ನಡೀತಿರೋದು ಕಾಣಲ್ವಾ?" ಎಂದು ಟೀಚರ್ ಸಿಡುಕಿದರು.

"ಈ ಛಾವಣಿ ಗಟ್ಟಿಯಾಗಿದೆ ಅಂತ ಸಹಿ ಹಾಕಿದೋನು ನಾನೇ ಕಣಮ್ಮ. ಮೊದಲು ಮಕ್ಕಳನ್ನ ಆಚೆ ಕಳಿಸಿ."

ಟೀಚರ್ ತಲೆಯೆತ್ತಿ ಛಾವಣಿಯ ಹಳೆಯ ತೊಲೆಗಳನ್ನು ನೋಡಿದರು. ಆಮೇಲೆ ಇನ್ನೇನೂ ಕೇಳದೆ ಮಕ್ಕಳನ್ನು ಎಬ್ಬಿಸಿದರು.