ಹಾರ್ನಪ್ಪನ ಮೂರನೇ ಸಾಲು

ವಿಶ್ವವಿದ್ಯಾಲಯದ ಬಸ್ಸು ಓಡಿಸುವ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಹಿಡಿದು ಕರೆಯುವವರು ಮಾತ್ರ ಯಾರೂ ಉಳಿದಿರಲಿಲ್ಲ. ವಿದ್ಯಾರ್ಥಿಗಳಿಗೆಲ್ಲ ಅವನು ಹಾರ್ನಪ್ಪ. ನಾಯಿ ಅಡ್ಡ ಬಂದರೆ ಹಾರ್ನು, ಸೈಕಲ್ಲಿನವನು ನಿಧಾನ ಮಾಡಿದರೆ ಹಾರ್ನು, ಹೆಂಡತಿಯ ಜೊತೆ ಮಾತಿಗೆ ಮಾತು ಬೆಳೆಸಿ ಹೊರಟ ದಿನವಂತೂ ಖಾಲಿ ರಸ್ತೆಗೂ ಹಾರ್ನು. ಆ ಹಾರ್ನೇ ಇಲ್ಲದಿದ್ದರೆ ಈ ಮನುಷ್ಯ ಇಷ್ಟು ಹೊತ್ತಿಗೆ ಜೈಲಿನಲ್ಲಿರುತ್ತಿದ್ದ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಅದು ತಮಾಷೆಯ ಮಾತೇನೂ ಆಗಿರಲಿಲ್ಲ.

ಈ ಕೆಲಸಕ್ಕೆ ಬರುವ ಮೊದಲು ಅವನು ಪೇಟೆಯ ಬಸ್ಸು ಓಡಿಸುತ್ತಿದ್ದ. ಬಾಗಿಲಲ್ಲಿ ನೇತಾಡಬೇಡ ಎಂದು ಎಷ್ಟು ಹೇಳಿದರೂ ಹಲ್ಲು ಕಿಸಿಯುತ್ತಿದ್ದ ಒಬ್ಬ ಪ್ರಯಾಣಿಕನನ್ನು ಒಂದು ದಿನ ಕೆಳಗಿಳಿಸಿ ಕಪಾಳಕ್ಕೆ ಬಾರಿಸಿದ. ಆ ಮಹಾನುಭಾವ ಮೇಲಧಿಕಾರಿಯ ಅಳಿಯನಂತೆ. ಕೆಲಸ ಹೋಯಿತು. "ಅಳಿಯ ಅಂತ ಹಣೆ ಮೇಲೆ ಬರೆದಿತ್ತಾ?" ಎಂದು ಹಾರ್ನಪ್ಪ ಇವತ್ತಿಗೂ ಕೇಳುತ್ತಾನೆ. ಆದರೆ ಒಳಗೊಳಗೇ ಅವನಿಗೆ ತನ್ನ ಕೋಪದ ಬಗ್ಗೆ ದಿಗಿಲು ಹುಟ್ಟಿದ್ದು ಆಗಲೇ.

ದಿಗಿಲಿಗೆ ಕಾರಣ ಮಗಳು. ಒಬ್ಬಳೇ ಮಗಳು, ಅಪ್ಪನದೇ ಅಚ್ಚು. ಒಂದನೇ ಕ್ಲಾಸಿನಲ್ಲೇ ಜಡೆ ಎಳೆದವನ ಕೈ ಕಚ್ಚಿ ಬಂದವಳು. ಹೈಸ್ಕೂಲಿಗೆ ಬರುವಷ್ಟರಲ್ಲಿ ಕಚ್ಚುವುದು ಬಿಟ್ಟು ಮಾತಿನಲ್ಲೇ ಎದುರಿನವರ ಬೆವರಿಳಿಸುತ್ತಿದ್ದಳು. ಚರ್ಚಾ ಸ್ಪರ್ಧೆ ಎಂದರೆ ಬಹುಮಾನ ಅವಳಿಗೇ. ತಾನು ಕಾನೂನು ಓದುತ್ತೇನೆ ಎಂದು ಅವಳು ಹೇಳಿದ ದಿನ ಹಾರ್ನಪ್ಪ ತಟ್ಟೆ ತಳ್ಳಿ ಎದ್ದ.

"ಕಾನೂನಾ? ನಿನ್ನ ಮೂಗಿನ ತುದಿ ಕೋಪಕ್ಕಾ? ಕೋರ್ಟಲ್ಲೇ ಯಾರಿಗಾದ್ರೂ ಬಾರಿಸಿ ಬರ್ತೀಯ. ಬೇಡವೇ ಬೇಡ!"

ಇಲ್ಲಿ ಅವನ ಸಿದ್ಧಾಂತವನ್ನು ಹೇಳಲೇಬೇಕು. ಎಲ್ಲ ಅನಾಹುತಕ್ಕೂ ಅದೇ ಮೂಲ. ಅವನ ಬಸ್ಸು ಪೇಟೆಯಿಂದ ಹೊರಟು ವಿಶ್ವವಿದ್ಯಾಲಯದ ಗೇಟು ದಾಟಿದ ಮೇಲೆ ಮೊದಲು ಎಂಜಿನಿಯರಿಂಗ್, ಆಮೇಲೆ ಮೆಡಿಕಲ್, ಚಿತ್ರಕಲೆ, ಗಣಿತ, ಕೊನೆಗೆ ಕಾನೂನು, ಹೀಗೆ ಒಂದೊಂದು ಕಾಲೇಜಿನ ಮುಂದೆ ನಿಂತು ಶೆಡ್ಡಿಗೆ ಹೋಗುತ್ತದೆ. ತಲೆಯ ಮೇಲಿನ ಕನ್ನಡಿಯಲ್ಲಿ ದಿನಾ ನೋಡಿ ನೋಡಿ ಅವನಿಗೆ ಎಲ್ಲ ಗೊತ್ತಾಗಿಬಿಟ್ಟಿತ್ತಂತೆ. ಎಂಜಿನಿಯರಿಂಗಿನವರು ಮುಂದಿನ ಸೀಟಿಗೆ ಒದೆಯುತ್ತಾರೆ. ಮೆಡಿಕಲ್‌ನವರು ಪಕ್ಕದವರಿಗೆ "ನಾನೇನೂ ಓದಿಲ್ಲ ಕಣೋ" ಎಂದು ಸುಳ್ಳು ಹೇಳಿ, ಅವರೂ ಅದೇ ಸುಳ್ಳು ಹೇಳಿದಾಗ ಕಿಟಕಿ ಗಾಜನ್ನು ದಢಾರನೆ ಎಳೆಯುತ್ತಾರೆ. ಚಿತ್ರಕಲೆಯವರು ಬೋರ್ಡಿಗೆ ಯಾರ ಮೊಣಕೈ ತಾಗಿದರೂ ಮೊದಲು ಅಳುತ್ತಾರೆ, ಆಮೇಲೆ ಹೊಡೆಯುತ್ತಾರೆ. ಕಾನೂನಿನವರ ಬಗ್ಗೆ ಕೇಳಲೇಬೇಡಿ, ಬಸ್ಸು ಎರಡು ಹೆಜ್ಜೆ ಮುಂದೆ ನಿಂತರೂ ಕಾಲು ಕೆರೆದು ಜಗಳಕ್ಕೆ ಬರುತ್ತಾರೆ. ಮೂರನೇ ಸಾಲಿನಲ್ಲಿ ಕೂರುವ ಗಣಿತದವರು ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ.

"ಎರಡೂ ಎರಡೂ ನಾಲ್ಕು. ಅದರಲ್ಲಿ ಜಗಳ ಎಲ್ಲಿಂದ ಬರುತ್ತೆ?" ಎಂದ ಹಾರ್ನಪ್ಪ. "ಗಣಿತ ತಣ್ಣಗಿನ ವಿದ್ಯೆ. ಇವಳ ತಲೆಯೂ ತಣ್ಣಗಾಗುತ್ತೆ."

ಅಲ್ಲ, ಇಂಥ ಬುದ್ಧಿಗೆ ಏನನ್ನಬೇಕು ಹೇಳಿ! ಜ್ವರ ಬಂದವರನ್ನು ನೀರಿನ ತೊಟ್ಟಿಯೊಳಗೆ ಕೂರಿಸಿದ ಹಾಗೆ ಮಗಳನ್ನು ಗಣಿತಕ್ಕೆ ಸೇರಿಸಿದ. ಲೆಕ್ಕದಲ್ಲೂ ಅವಳಿಗೆ ಒಳ್ಳೆಯ ಅಂಕ ಬಂದಿತ್ತು, ಆದ್ದರಿಂದ ತಪ್ಪಿಸಿಕೊಳ್ಳಲು ನೆಪವೂ ಸಿಗಲಿಲ್ಲ. ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಅಮ್ಮ ಒಂದು ಮಾತು ಹೇಳಿ ನೋಡಿದಳು. "ಅವಳಿಗೆ ಇಷ್ಟ ಇಲ್ಲ ಕಣ್ರೀ." ಅದಕ್ಕೆ ಉತ್ತರವಾಗಿ ಬಾಗಿಲು ಬಡಿದ ಸದ್ದು ಬಂತು.

ಮೊದಲ ದಿನವೇ ಅವನು ಮಗಳಿಗೊಂದು ಕಟ್ಟಪ್ಪಣೆ ಮಾಡಿದ. ಬಸ್ಸಿನಲ್ಲಿ ಅವನು ಡ್ರೈವರ್, ಅವಳು ವಿದ್ಯಾರ್ಥಿನಿ, ಅಪ್ಪ ಎಂದು ಕರೆಯಕೂಡದು. ಅವನು ಎಲ್ಲರಿಗೂ ಉಗಿಯುವವನು, ತನ್ನ ಮೇಲಿನ ಸಿಟ್ಟನ್ನು ಹುಡುಗರು ಅವಳ ಮೇಲೆ ತೀರಿಸಿಕೊಂಡಾರು ಎಂಬ ಹೆದರಿಕೆ. ಮಗಳು ಒಪ್ಪಿದಳು. ಅವತ್ತಿನಿಂದ ಮೂರನೇ ಸಾಲಿನ ಕಿಟಕಿಯ ಪಕ್ಕ ಕೂತು, ಸ್ಟಾಪು ಬಂದಾಗ ಇಳಿದು ಹೋಗುತ್ತಿದ್ದಳು. ಹಾರ್ನಪ್ಪ ಕನ್ನಡಿಯಲ್ಲಿ ಆ ಮುಖ ನೋಡಿ ಹಿಗ್ಗುತ್ತಿದ್ದ. ನೋಡಿದಿರಾ, ಎಷ್ಟು ತಣ್ಣಗಾಗಿದ್ದಾಳೆ!

ಮನೆಯಲ್ಲಿ ಅಮ್ಮ ನೋಡುತ್ತಿದ್ದದ್ದು ಬೇರೆ. ಉಗುರು ಕಚ್ಚಿ ಕಚ್ಚಿ ಮಗಳ ಹೆಬ್ಬೆರಳಿನ ಚರ್ಮ ಎದ್ದು ರಕ್ತ ಬರುತ್ತಿತ್ತು. ಊಟಕ್ಕೆ ಕರೆದರೆ "ಬರ್ತೀನಿ ಅಂದ್ನಲ್ಲ!" ಎಂದು ಕಿರುಚುತ್ತಿದ್ದಳು, ಬರುತ್ತಿರಲಿಲ್ಲ. ಬಿಡಿಸಲಾಗದ ಲೆಕ್ಕದ ಹಾಳೆಗಳನ್ನು ಚೂರುಚೂರು ಮಾಡಿ ಮಂಚದ ಕೆಳಗೆ ತಳ್ಳುತ್ತಿದ್ದಳು. ಎರಡು ವಿಷಯ ಕೈ ಕೊಟ್ಟವು. ಪ್ರೊಫೆಸರು ಎಲ್ಲರೆದುರಿಗೆ, ಇಂಥವರೆಲ್ಲ ಇಲ್ಲಿಗೆ ಯಾಕೆ ಬರುತ್ತಾರೋ ಎಂದರಂತೆ. ಅವಳು ಅಲ್ಲೂ ಬಾಯಿ ಬಿಡಲಿಲ್ಲ. ಅಮ್ಮ ಈ ಸಂಗತಿ ಎತ್ತಿದಾಗ ಹಾರ್ನಪ್ಪ ಟೀವಿಯ ಸದ್ದು ಜಾಸ್ತಿ ಮಾಡಿದ.

"ಓದೋ ಮಕ್ಕಳು ಹಾಗೇ. ಬಸ್ಸಲ್ಲಿ ನೋಡು ಬಾ, ಹೇಗೆ ಕೂತಿರ್ತಾಳೆ ಅಂತ."

ಪರೀಕ್ಷೆ ಶುರುವಾದ ಬೆಳಗ್ಗೆ ಬಸ್ಸಿನಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಗೇಟಿಗೆ ಸ್ವಲ್ಪ ಮೊದಲು ಪೈಪು ಹಾಕುವವರು ರಸ್ತೆ ಅಗೆದು, ಅಗೆದ ಮಣ್ಣನ್ನು ನಡುರಸ್ತೆಗೇ ಸುರಿದಿದ್ದರು. ಬಸ್ಸು ನಿಂತಿತು. ಹಾರ್ನಪ್ಪ ಹಾರ್ನು ಒತ್ತಿದ. ಮಣ್ಣು ಎತ್ತುವ ಯಂತ್ರದವನು ಕೈಯಲ್ಲೇ "ಇರಪ್ಪಾ" ಎಂದ. ಹಾರ್ನಪ್ಪ ಇನ್ನೂ ಜೋರಾಗಿ ಒತ್ತಿದ.

ಒಳಗೆ ಎಲ್ಲರ ತಲೆ ಕೆಟ್ಟುಹೋಯಿತು. ಗಡ್ಡದ ಎಂಜಿನಿಯರಿಂಗ್ ಹುಡುಗನೊಬ್ಬ ಸೀಟಿಗೆ ಒದ್ದ. ಆ ಸೀಟಿನಲ್ಲಿದ್ದ ಮೆಡಿಕಲ್ ಹುಡುಗ ಎದ್ದು ಅವನ ಕಾಲರು ಹಿಡಿದ. ಇಬ್ಬರ ನಡುವೆ ಸಿಕ್ಕಿ ಯಾರದೋ ಬೋರ್ಡು ಮುರಿಯಿತು, ಚಿತ್ರಕಲೆಯ ಹುಡುಗಿ ಗೊಳೋ ಎಂದಳು. ಹಿಂದಿನಿಂದ ಕಾನೂನಿನವರು, ಪರೀಕ್ಷೆ ತಪ್ಪಿದರೆ ಡ್ರೈವರೇ ಹೊಣೆ ಎಂದು ಕೂಗಿದರು. ಗಡ್ಡದವನು ಹಿಡಿತ ಬಿಡಿಸಿಕೊಂಡು ಮುಂದೆ ನುಗ್ಗಿದ.

"ಏಯ್, ಬರೀ ಹಾರ್ನ್ ಒತ್ತೋಕಾ ಸಂಬಳ ನಿಂಗೆ? ಮಣ್ಣಿನ ಮೇಲೆ ಹತ್ತಿಸಯ್ಯಾ!"

ಹಾರ್ನಪ್ಪನ ಪಿತ್ತ ನೆತ್ತಿಗೇರಿತು. ಎದ್ದು ತೋಳು ಮಡಿಸಿ ಹಿಂದಕ್ಕೆ ತಿರುಗಿದ.

"ಮುಚ್ರೋ ಬಾಯಿ! ಓದಿದವರಾ ನೀವು? ದನಗಳು! ಆ ಮೂರನೇ ಸಾಲು ನೋಡಿ ಕಲೀರಿ. ಅವರಿಗೇನು ಪರೀಕ್ಷೆ ಇಲ್ವಾ? ಅಲ್ಲಿ ಕಿಟಕಿ ಪಕ್ಕ ಕೂತಿದೆಯಲ್ಲ, ಆ ಹುಡುಗಿ ನೋಡಿ. ತುಟಿ ಪಿಟಕ್ ಅಂದಿದೆಯಾ? ಅದು ಸಂಸ್ಕಾರ ಅಂದ್ರೆ!"

ಎಲ್ಲರೂ ಆ ಹುಡುಗಿಯತ್ತ ತಿರುಗಿದರು. ಅವಳು ಎದ್ದು ನಿಂತಳು. ಕೈಯಲ್ಲಿದ್ದ ಸ್ಟೀಲಿನ ನೀರಿನ ಬಾಟಲಿಯನ್ನು ಬೀಸಿ ಎಸೆದಳು. ಅದು ಹಾರ್ನಪ್ಪನ ಕಿವಿಯ ಪಕ್ಕದಲ್ಲೇ ಹಾದು ತಲೆಯ ಮೇಲಿನ ಕನ್ನಡಿಗೆ ಬಡಿಯಿತು. ಕನ್ನಡಿ ಸೀಳಿ ನೇತಾಡಿತು.

"ಆ ಹುಡುಗಿ ಯಾರು ಅಂತ ಹೇಳು!" ಅವಳ ಗಂಟಲು ಹರಿದುಹೋಗುವ ಹಾಗಿತ್ತು. "ಹೇಳು ಅಪ್ಪಾ! ಎರಡು ವರ್ಷದಿಂದ ಹಲ್ಲು ಕಚ್ಕೊಂಡು ಕೂತಿದೀನಲ್ಲ ಇಲ್ಲಿ, ಅದು ಸಂಸ್ಕಾರ ಅಲ್ಲ! ಬಾಯಿ ತೆಗೆದ್ರೆ ಯಾರನ್ನಾದ್ರೂ ಕೊಂದುಬಿಡ್ತೀನೇನೋ ಅಂತ ಭಯ ನಂಗೆ! ಒಂದಕ್ಷರ ತಲೆಗೆ ಹತ್ತಲ್ಲ. ಆ ಪುಸ್ತಕ ಕಂಡ್ರೆ ವಾಂತಿ ಬರುತ್ತೆ. ನಾನು ಕೇಳಿದ್ದೇನು, ನೀನು ಕೊಟ್ಟಿದ್ದೇನು? ಕನ್ನಡಿಯಲ್ಲಿ ನೋಡ್ತೀಯಲ್ಲ ದಿನಾ, ಏನು ಕಾಣಿಸ್ತು ನಿಂಗೆ?"

ಗಡ್ಡದವನು ತನ್ನ ಸೀಟಿಗೆ ಹೋಗಿ ಕೂತ. ಹೊರಗೆ ಯಂತ್ರದವನು ದಾರಿ ಬಿಟ್ಟು ಸೀಟಿ ಊದುತ್ತಿದ್ದ. ಹಾರ್ನಪ್ಪ ಗರ ಬಡಿದವನಂತೆ ಸ್ಟೀರಿಂಗಿನ ಮುಂದೆ ಕೂತು ಗಾಡಿ ಬಿಟ್ಟ.

ಎಂಜಿನಿಯರಿಂಗಿನವರು ಇಳಿದರು, ಮೆಡಿಕಲ್‌ನವರು ಇಳಿದರು, ಮುರಿದ ಬೋರ್ಡಿನವಳೂ ಇಳಿದಳು. ಗಣಿತದ ಸ್ಟಾಪು ಬಂತು. ಮೂರನೇ ಸಾಲಿನ ಇನ್ನೊಬ್ಬ ಹುಡುಗಿ ಬಾಗಿಲ ಬಳಿ ಒಂದು ಕ್ಷಣ ನಿಂತಳು.

"ಆ ಸಾಲಲ್ಲಿ ಯಾರೂ ತಣ್ಣಗಿಲ್ಲ, ಅಂಕಲ್," ಎಂದು ಹೇಳಿ ಇಳಿದು ಓಡಿದಳು.

ಮಗಳು ಮಾತ್ರ ಅಲುಗಲಿಲ್ಲ.

"ಇಳಿ," ಎಂದ ಹಾರ್ನಪ್ಪ.

"ಇಳಿಯಲ್ಲ."

"ಪರೀಕ್ಷೆ ಶುರುವಾಗುತ್ತೆ. ಇಳೀತೀಯೋ ಇಲ್ವೋ?"

"ಎತ್ತಿ ಹೊರಗೆ ಹಾಕು. ಇಳಿಯಲ್ಲ."

ಹಿಂದಿನ ಸೀಟಿನ ಕಾನೂನಿನವರು, ತಮಗೂ ಪರೀಕ್ಷೆ ಇದೆ, ಮನೆ ಜಗಳ ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಗದ್ದಲ ಎಬ್ಬಿಸಿದರು. ಹಾರ್ನಪ್ಪನ ಕೈ ಅಭ್ಯಾಸಬಲದಿಂದ ಹಾರ್ನಿನ ಮೇಲೆ ಹೋಯಿತು, ಆದರೆ ಒತ್ತಲಿಲ್ಲ. ಬಾಗಿಲು ಮುಚ್ಚಿ ಗಾಡಿ ಮುಂದೆ ಬಿಟ್ಟ. ಕಾನೂನು ಕಾಲೇಜಿನ ಮುಂದೆ ಉಳಿದವರೆಲ್ಲ ಇಳಿದು ಓಡಿದರು. ಅಪ್ಪ ಮಗಳು ಇಬ್ಬರೇ ಶೆಡ್ಡಿಗೆ ಬಂದರು.

ಇಂಜಿನ್ನು ಆರಿಸಿದ್ದೇ ತಡ, ಅವನು ಎದ್ದು ಬಂದು ಮಗಳ ಮುಂದೆ ನಿಂತ. ಮೈಯೆಲ್ಲ ಉರಿಯುತ್ತಿತ್ತು.

"ಇಡೀ ಬಸ್ಸಿನ ಮುಂದೆ ನನ್ನ ಮಾನ ಹರಾಜು ಹಾಕಿದ್ಯಲ್ಲ! ಕಣ್ಣಿಗೆ ಬಿದ್ದಿದ್ರೆ ಆ ಬಾಟಲಿ? ಇದಕ್ಕೇ ಕಣೇ ನಾನು ಹೆದರಿದ್ದು. ಇದೇ ಕೋಪಕ್ಕೆ!"

"ಇದು ನಿಂದೇ ಕೋಪ!" ಅವಳೂ ಎದ್ದಳು. "ನಾನೇನು ಅಂಗಡಿಯಿಂದ ತಂದ್ನಾ?"

ಅವನ ಕೈ ಮೇಲೆದ್ದಿತು. ಅವಳು ಮುಖ ತಿರುಗಿಸಲಿಲ್ಲ, ಹಿಂದೆ ಸರಿಯಲಿಲ್ಲ.

"ಹೊಡಿ. ಆ ಅಳಿಯನಿಗೆ ಹೊಡೆದ್ಯಲ್ಲ, ಹಾಗೇ ಹೊಡಿ. ನಿಂಗಾದ್ರೆ ಎಲ್ಲದಕ್ಕೂ ದಾರಿ ಇದೆ. ಮನೇಲಿ ಬಾಗಿಲು ಬಡೀತೀಯ, ರಸ್ತೇಲಿ ಹಾರ್ನ್ ಒತ್ತುತ್ತೀಯ. ನಂಗೇನಿದೆ ಅಪ್ಪಾ? ನಾನು ಮಾತಾಡ್ತಿದ್ದೆ. ಮಾತಾಡಿ ಗೆಲ್ತಿದ್ದೆ. ಅದೊಂದು ಇತ್ತು ನಂಗೆ, ಅದನ್ನೂ ಕಿತ್ಕೊಂಡೆ."

ಎತ್ತಿದ ಕೈ ಎತ್ತಿದಲ್ಲೇ ಇತ್ತು. ಅವಳ ಹೆಬ್ಬೆರಳು ಅವನ ಕಣ್ಣಿಗೆ ಬಿದ್ದದ್ದು ಆಗ. ಉಗುರಿನ ಸುತ್ತ ಹಸಿ ಗಾಯ, ಒಣಗಿದ ರಕ್ತ. ಒಂದೇ ಮನೆಯಲ್ಲಿ ಉಂಡು ಮಲಗುವ ಮಗಳ ಕೈ! ಅವನಿಗೆ ತನ್ನ ಮೇಲೆ ಬಂದ ಸಿಟ್ಟು ಹಿಂದೆಂದೂ ಯಾರ ಮೇಲೂ ಬಂದಿರಲಿಲ್ಲ. ಆ ಸಿಟ್ಟನ್ನು ಎಲ್ಲಿ ಒಗೆಯಬೇಕೆಂದು ತಿಳಿಯಲಿಲ್ಲ. ಆಮೇಲೆ ಕೈ ಇಳಿಸಿ, ಅವಳ ರಟ್ಟೆ ಹಿಡಿದು ಮುಂದಕ್ಕೆ ಕರೆದುಕೊಂಡು ಹೋಗಿ ತನ್ನ ಸೀಟಿನಲ್ಲಿ ಕೂರಿಸಿದ.

"ಒತ್ತು," ಎಂದ.

"ಏನು?"

"ಹಾರ್ನು. ಒತ್ತೇ!"

ಅವಳು ಒತ್ತಿದಳು. ಮೊದಲು ಒಂದು ಕೈಯಿಂದ, ಆಮೇಲೆ ಎರಡೂ ಕೈಯಿಂದ, ಆಮೇಲೆ ಮೈಭಾರವನ್ನೆಲ್ಲ ಹಾಕಿ. ತಗಡಿನ ಶೆಡ್ಡು ಅದುರಿತು. ಜಂತಿಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೊರಗೆ ಹಾರಿದವು. ಹಾರ್ನಿನ ಸದ್ದಿನೊಳಗೆ ಅವಳು ಕಿರುಚುತ್ತಲೂ ಇದ್ದಳು, ಏನೆಂದು ಕೇಳಿಸುತ್ತಿರಲಿಲ್ಲ. ಕಾವಲುಗಾರ ಕೋಲು ಹಿಡಿದು ಓಡಿಬಂದ.

"ಏನ್ರೀ ಇದು! ಪರೀಕ್ಷೆ ನಡೀತಿದೆ! ಯಾರದು ಒಳಗೆ ಕೂತಿರೋದು?"

"ನನ್ನ ಮಗಳು!" ಹಾರ್ನಪ್ಪ ಬಾಗಿಲಿಗೆ ಅಡ್ಡ ನಿಂತು ಗುಡುಗಿದ. "ಅವಳ ಮಾತು ಇನ್ನೂ ಮುಗಿದಿಲ್ಲ. ದೂರ ನಿಂತ್ಕೋ!"

ಅವಳ ಕೈ ಸೋತ ಮೇಲೆ ಹಾರ್ನು ನಿಂತಿತು. ಕಾವಲುಗಾರ ಗೊಣಗುತ್ತಾ ಹೋದ. ಅವಳು ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಬಹಳ ಹೊತ್ತು ಏದುಸಿರು ಬಿಟ್ಟಳು.

"ನಾಳೆ ನಾನು ಆ ಸ್ಟಾಪಲ್ಲಿ ಇಳಿಯಲ್ಲ," ಎಂದಳು.

ಹಾರ್ನಪ್ಪ ನೇತಾಡುತ್ತಿದ್ದ ಕನ್ನಡಿಯನ್ನು ಕಿತ್ತು ಸೀಟಿನ ಕೆಳಗೆ ಹಾಕಿದ. ಅವನ ಮುಖದ ಗಂಟು ಇನ್ನೂ ಬಿಚ್ಚಿರಲಿಲ್ಲ.

"ಇಳೀಬೇಡ. ಮುಂದಿನ ಸ್ಟಾಪಿಗೆ ಅರ್ಜಿ ಹಾಕು," ಎಂದ. "ಬಸ್ಸು ಅಲ್ಲೂ ನಿಲ್ಲುತ್ತೆ."