ಫೋಟೋದ ನಾಯಿಯ ಬಣ್ಣ

ಆ ಫೋಟೋವನ್ನು ಗೋಡೆಯಿಂದ ಕಿತ್ತು ಅಂಗಳಕ್ಕೆ ಎಸೆಯಬೇಕು ಎಂದು ಎಷ್ಟು ಸಲ ಅನ್ನಿಸಿದೆಯೋ ಲೆಕ್ಕವಿಲ್ಲ. ಎಸೆದಿಲ್ಲ, ಯಾಕೆಂದರೆ ಅದರಲ್ಲಿ ನಮ್ಮ ಊರಿದೆ. ಕಾರವಾರದ ಹತ್ತಿರ ಚೆಂಡಿಯಾದ ಆಚೆ ಸಮುದ್ರದಂಡೆಯಲ್ಲಿದ್ದ ನಮ್ಮ ಕೇರಿಯನ್ನು ನೌಕಾನೆಲೆಗೆಂದು ಬಿಡಿಸಿದಾಗ ನಮ್ಮ ಕೈಯಲ್ಲಿ ಉಳಿದ ಬಣ್ಣದ ಫೋಟೋ ಅದೊಂದೇ. ಈಗ ಅದು ಪುನರ್ವಸತಿ ಕಾಲೊನಿಯ ಸಭಾಭವನದಲ್ಲಿ ದೇವರ ಪಟದ ಪಕ್ಕ ತೂಗುತ್ತಿದೆ. ನಮ್ಮ ಮನೆಯೆದುರಿನ ಮರಳು, ಮೀನು ಒಣಗಿಸುವ ಚಾಪೆಗಳು, ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತ ನನ್ನ ತಾಯಿ, ಅವಳ ಸೀರೆ ಹಿಡಿದುಕೊಂಡ ನಾನು, ನಮ್ಮಿಬ್ಬರ ಕಾಲಬುಡದಲ್ಲಿ ಒಂದು ನಾಯಿ. ಫೋಟೋದಲ್ಲಿ ನಾಯಿ ಕೆಂಪಗಿದೆ. ಎಲ್ಲ ರಗಳೆಯೂ ಆ ಕೆಂಪಿನದ್ದೇ.

ನಮ್ಮ ದಂಡೆಯ ನಾಯಿಗಳ ವಿಷಯ ಹೇಳಿದರೆ ಹೊರಗಿನವರು ನಂಬುತ್ತಿರಲಿಲ್ಲ. ತಾರ್ಲೆ, ಬಂಗಡೆ ಒಣಗಲು ಹಾಕಿದ ಚಾಪೆಯ ಮಗ್ಗುಲಲ್ಲೇ ದಿನವಿಡೀ ಬಿದ್ದುಕೊಂಡಿರುತ್ತಿದ್ದವು. ಕಾಗೆ ಇಳಿದರೆ ಎದ್ದು ಓಡಿಸುತ್ತಿದ್ದವು, ಹದ್ದು ಸುತ್ತಿದರೆ ತಲೆಯೆತ್ತಿ ಬೊಗಳುತ್ತಿದ್ದವು, ಆದರೆ ಒಂದು ಮೀನಿಗೂ ಬಾಯಿ ಹಾಕುತ್ತಿರಲಿಲ್ಲ. ಹೊಡೆದು ಕಲಿಸಿದ್ದಲ್ಲ ಅದು. ಮರಿಗಳು ಮೊಲೆ ಬಿಟ್ಟ ಮೇಲೆ ಹೆಂಗಸರು ಅವಕ್ಕೆ ಹೊಟ್ಟೆ ತುಂಬ ಗಂಜಿ ಹಾಕಿ, ಅರ್ಧ ಒಣಗಿದ ಮೀನಿನ ನಡುವೆ ಬಿಡುತ್ತಿದ್ದರು. ಹೊಟ್ಟೆ ತುಂಬಿದ ಮೇಲೂ ಮೀನಿಗೆ ಬಾಯಿ ಹಾಕಿದ ಮರಿ ದಂಡೆಗೆ ಆಗುವುದಿಲ್ಲ. ಅದನ್ನು ಒಳಗಿನ ಊರುಗಳ ಗದ್ದೆ ಮನೆಗಳಿಗೆ ಕೊಡುತ್ತಿದ್ದರು, ಅಲ್ಲಿ ಕಾಡುಹಂದಿ ಓಡಿಸಲು ಬೇಕಾಗುತ್ತಿತ್ತು. ಅಲ್ಲಿಂದ ಬದಲಿಗೆ ಒಂದು ಚುರುಕಾದ ಗಂಡುಮರಿ ದಂಡೆಗೆ ಬರುತ್ತಿತ್ತು. ಒಂದೇ ಮನೆಯ ನಾಯಿಗಳು ಕೂಡಿದರೆ ಮರಿ ಮಂಕಾಗುತ್ತವೆ ಎಂದು ಹೆಂಗಸರು ಅದನ್ನು ತಪ್ಪದೆ ಪಾಲಿಸುತ್ತಿದ್ದರು. ಕಪ್ಪು, ಕಂದು, ಬೂದಿ, ಮಚ್ಚೆ, ಎಲ್ಲ ಬಣ್ಣದವೂ ಇದ್ದವು. ನಾಯಿಯ ಬಣ್ಣ ಕೇಳಿದವರನ್ನು ನಾನು ಕಂಡಿರಲಿಲ್ಲ.

ಕೇಳಿದವನು ನನ್ನ ಅಣ್ಣ. ನಾವು ಅವನನ್ನು ದಾದಾ ಎಂದು ಕರೆಯುತ್ತೇವೆ. ನೌಕಾನೆಲೆಯೊಳಗೆ ಗುತ್ತಿಗೆದಾರನ ಕೈಕೆಳಗೆ ವೆಲ್ಡಿಂಗ್ ಮಾಡುತ್ತಾನೆ. ಅಂದರೆ ನಾವು ಹುಟ್ಟಿದ ನೆಲಕ್ಕೆ ಅವನು ದಿನಾ ಬೆಳಿಗ್ಗೆ ಕೊರಳಿಗೆ ಪಾಸು ನೇತುಹಾಕಿಕೊಂಡು ಹೋಗಬೇಕು. ಒಂದು ದಿನ ಮೊಬೈಲಿನಲ್ಲಿ ಏನೋ ನೋಡಿದನಂತೆ, ಯಾವುದೋ ಸೀಮೆಯವರು ತಮ್ಮ ನಾಯಿಗೆ ತಮ್ಮ ಊರಿನ ಹೆಸರನ್ನೇ ಇಟ್ಟು ಅದನ್ನು ಒಂದು ತಳಿ ಎಂದು ಒಪ್ಪಿಸಿಕೊಂಡಿದ್ದಾರೆ ಎಂದು. ಅಂಕೋಲೆಯ ನನ್ನ ಮನೆಗೇ ಬಂದು ಕೂತು ಹೇಳಿದ.

"ನಮ್ಮೂರ ಹೆಸ್ರು ಈಗ ಬಸ್ಸಿನ ಬೋರ್ಡಲ್ಲೂ ಇಲ್ಲ. ನಾಯಿಗಾದ್ರೂ ಇರ್ಲಿ ಮಾರಾಯ್ತಿ."

ಸುಳ್ಳು ಯಾಕೆ ಹೇಳಲಿ, ನನಗೂ ಕಣ್ಣು ತುಂಬಿ ಬಂತು. ಮಾಡು ದಾದಾ, ನಾನೂ ಬರುತ್ತೇನೆ ಎಂದೆ.

ಕಾಲೊನಿಯ ಸಂಘದ ಸಭೆ ಸೇರಿತು. ಪೇಟೆಯಿಂದ ಕರೆಸಿದ್ದ ನಾಯಿ ಸಾಕುವ ಸಂಘದವನೊಬ್ಬ, ತಳಿ ಅನ್ನಿಸಿಕೊಳ್ಳಬೇಕಾದರೆ ಎಲ್ಲವೂ ಒಂದೇ ಥರ ಕಾಣಬೇಕು, ಮರಿಯ ಮರಿಯೂ ಹಾಗೇ ಹುಟ್ಟಬೇಕು, ಮೊದಲು ಬಣ್ಣ ಗೊತ್ತುಮಾಡಿ ಎಂದ. ಯಾವ ಬಣ್ಣ? ಎಲ್ಲರ ಕತ್ತೂ ಗೋಡೆಯ ಕಡೆ ತಿರುಗಿತು. ಅಲ್ಲಿ ಕೆಂಪು ನಾಯಿ. ಮೂಲ ಬಣ್ಣ ಅದೇ ಎಂದು ದಾದಾ ಎದ್ದು ನಿಂತು ಸಾರಿಬಿಟ್ಟ, ಚಪ್ಪಾಳೆಯೂ ಬಿತ್ತು.

ನನಗೆ ನಗು ತಡೆಯಲಾಗಲಿಲ್ಲ. "ದಾದಾ, ಕಣ್ಣು ಬಿಟ್ಟು ನೋಡು. ಅದ್ರಲ್ಲಿ ಸಮುದ್ರಾನೂ ಕೆಂಪಾಗದೆ. ನನ್ ಶಾಲೆ ಲಂಗ ನೀಲಿ, ಕೋಕಂ ಹಣ್ಣಿನ ಬಣ್ಣ ಬಂದದೆ. ಹಳೇ ಫೋಟೋ ಎಲ್ಲ ಹೀಗೇ ಕೆಂಪಾಗ್ತದೆ. ಆ ನಾಯಿ ಬೂದಿ ಬಣ್ಣದ್ದು. ಅದ್ರ ಸಂಗಡ ಆಡಿದವಳು ನಾನು."

"ನೀ ಆಗ ಎಷ್ಟು ದೊಡ್ಡವ್ಳಿದ್ದೆ? ನಂಗೇ ನೆನಪಿಲ್ಲ, ನಿಂಗೆ ಎಂಥ ನೆನಪು?" ಎಂದ ದಾದಾ. "ಆಯಿನ್ನೇ ಕೇಳ್ವಾ."

ಆಯಿ ಅಂದರೆ ನಮ್ಮ ತಾಯಿ. ಮುಂದಿನ ಸಾಲಿನಲ್ಲೇ ಕೂತಿದ್ದಳು. ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಯಾರ ಮುಖವನ್ನೂ ನೋಡದೆ, "ಕೆಂಪೇ ಇರ್ಬೇಕು" ಎಂದಳು.

ನನ್ನ ಪಿತ್ತ ನೆತ್ತಿಗೇರಿತು. ಆ ನಾಯಿಗೆ ಕೈಯಾರೆ ಗಂಜಿ ಹಾಕಿ ಸಾಕಿದವಳು ಇವಳು. ಅಷ್ಟರಲ್ಲಿ ನಮ್ಮ ಕಾಲೊನಿ ಸಂಘದ ಹಿರಿಯನೊಬ್ಬ, ಇನ್ನು ಮುಂದೆ ಹೊರಗಿನ ನಾಯಿ ಕಾಲೊನಿಗೆ ಕಾಲಿಡಕೂಡದು ಎಂದು ಭಾಷಣಕ್ಕೆ ತೊಡಗಿದ. "ಹೊರಗಿನ ರಕ್ತ ಒಂದ್ಸಲ ಸೇರ್ತು ಅಂದ್ರೆ ಮುಗೀತು. ಮತ್ತೆ ಶುದ್ಧ ಮಾಡುಕೆ ಬತ್ತಿಲ್ಲ," ಎಂದವನು ನನ್ನನ್ನು ಕಂಡು ಗಪ್ಪನೆ ಬಾಯಿ ಮುಚ್ಚಿದ. ನಾನು ಮದುವೆಯಾಗಿದ್ದು ಅಂಕೋಲೆ ಕಡೆಯ ಬೇಸಾಯಗಾರರ ಮನೆಗೆ. ಆಗಲೂ ಇದೇ ಸಭಾಭವನದಲ್ಲಿ, ಇದೇ ಬಾಯಿಗಳು ಹೆಚ್ಚುಕಡಿಮೆ ಇದೇ ಮಾತು ಆಡಿದ್ದವು.

"ಯಾಕೆ ನಿಲ್ಲಿಸ್ದೆ? ಹೇಳು," ಎಂದೆ. "ಬರೂ ಸಭೆಗೆ ನನ್ ಮಕ್ಕಳನ್ನೂ ಕರ್ಕಂಡೇ ಬತ್ತೆ. ಎತ್ತರ, ಬಣ್ಣ, ಎಲ್ಲ ಅಳದು ನೋಡಿ."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ಕಾಲೊನಿಯಲ್ಲಿ ಮರಳಿಲ್ಲ, ದಂಡೆಯಿಲ್ಲ. ಸಾಲು ಮನೆಗಳು, ಸಿಮೆಂಟಿನ ಅಂಗಳ, ಅಷ್ಟೇ. ಹಾಗಿರುವಾಗ ಯಾವ ಮರಿಯನ್ನು ಯಾವ ಮೀನಿನ ನಡುವೆ ಬಿಟ್ಟು ನೋಡುತ್ತೀರಿ? ನಾಯಿಗೆ ಮಾಡಲು ಕೆಲಸವೇ ಉಳಿಯದ ಜಾಗದಲ್ಲಿ ನೋಡಲು ಬಣ್ಣ ಒಂದೇ ಉಳಿಯಿತು. ಟೇಪು ಹಿಡಿದು ಎತ್ತರ ಅಳೆದರು, ಬಾಲ ಎಷ್ಟು ಸುರುಳಿ ಸುತ್ತಬೇಕು ಎಂದು ಜಗಳಾಡಿದರು. ಕೆಂಪು ಹೆಣ್ಣುಗಳನ್ನು ಬೆದೆಗೆ ಬಂದಾಗ ಬಚ್ಚಲಲ್ಲಿ ಕೂಡಿಹಾಕಿ ಕೆಂಪು ಗಂಡಿನ ಹತ್ತಿರ ಮಾತ್ರ ಬಿಟ್ಟರು, ಅದು ಒಡಹುಟ್ಟಿದ್ದೇ ಆದರೂ ಸರಿ. ಬೇರೆ ಬಣ್ಣದ ಮರಿ ಹುಟ್ಟಿದರೆ ಗೋಣಿಚೀಲಕ್ಕೆ ತುಂಬಿ ಹೆದ್ದಾರಿಯಾಚೆ ಬಿಟ್ಟುಬಂದರು. ಅಲ್ಲಿ ಲಾರಿಗಳು ಹೇಗೆ ಓಡುತ್ತವೆ ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಕೆಂಪು ನಾಯಿಗಳೆಲ್ಲ ಸರಪಳಿಯಲ್ಲಿ ಕೂತು ಗೋಡೆ ನೋಡುತ್ತಿದ್ದವು. ಸ್ಟೀಲ್ ತಟ್ಟೆ ಬಿದ್ದ ಸದ್ದಿಗೂ ಬೆಚ್ಚಿ ಮೂಲೆ ಸೇರುತ್ತಿದ್ದವು.

ಕೆಲಸ ಮಾಡುವ ನಾಯಿ ಇಡೀ ಕಾಲೊನಿಯಲ್ಲಿ ಒಂದೇ ಉಳಿದಿತ್ತು, ಆಯಿಯದ್ದು. ಆಯಿ ಈಗಲೂ ಮೀನು ತರಿಸಿ ಮನೆಯ ತಾರಸಿಯ ಮೇಲೆ ಒಣಗಿಸಿ ಮಾರುತ್ತಾಳೆ. ಅವಳ ಹೆಣ್ಣುನಾಯಿ ಬೆಳಕು ಹರಿದರೆ ಅವಳಿಗಿಂತ ಮೊದಲು ಮೆಟ್ಟಿಲು ಹತ್ತಿ ಚಾಪೆಯ ಪಕ್ಕ ಮಲಗುತ್ತಿತ್ತು. ಆಯಿ ನಿಶ್ಚಿಂತೆಯಿಂದ ಕೆಳಗಿಳಿದು ಅಡುಗೆ ಮಾಡಿಕೊಳ್ಳುತ್ತಿದ್ದಳು. ಆ ನಾಯಿಯ ಬಣ್ಣ ಬೂದಿ, ಎದೆಯ ಮೇಲೆ ಒಂದಿಷ್ಟು ಬಿಳಿ. ಆಯಿಯ ನಾಯಿ ಎಂದು ಸಂಘದವರು ಕಂಡೂ ಕಾಣದ ಹಾಗೆ ಸುಮ್ಮನಿದ್ದರು.

ಸುಮ್ಮನಿರಲಾಗದ ದಿನ ಬಂತು. ದಾದಾನ ಕೆಂಪು ಗಂಡು, ಇಡೀ ತಳಿಗೇ ಕಳಶವಿಟ್ಟ ಹಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದ ನಾಯಿ, ಸರಪಳಿ ಕಳಚಿಕೊಂಡು ತಾರಸಿ ಹತ್ತಿತು. ಹೆಣ್ಣಿಗೆ ಗಬ್ಬ ನಿಂತಿತು. ತಳಿಯನ್ನು ಒಪ್ಪುವುದೋ ಬಿಡುವುದೋ ಎಂದು ನೋಡಲು ಪೇಟೆಯವರು ಬರುವ ದಿನ ಹತ್ತಿರವಿತ್ತು. ಅವರ ಕಣ್ಣೆದುರು ಕೆಂಪು ಅಪ್ಪನಿಗೆ ಬೂದಿ ಮರಿಗಳು ಹುಟ್ಟಿದರೆ ಗತಿಯೇನು? ದಾದಾ ಆಯಿಯ ನಾಯಿಯನ್ನು ಟೆಂಪೋಕ್ಕೆ ಹಾಕಿಕೊಂಡು ಕಾಳಿ ನದಿಯ ಸೇತುವೆ ದಾಟಿಸಿ ಆಚೆ ಬಿಟ್ಟುಬಂದ. ವೈನಿ, ಅವನ ಹೆಂಡತಿ, ಫೋನು ಮಾಡಿ ಅಳುತ್ತ ಹೇಳಿದಳು.

ನಾನು ಕೂಡಲೇ ಅವನಿಗೆ ಫೋನು ಹಚ್ಚಿದೆ. "ಮನ್ಷ ಹೌದಾ ನೀನು? ಗಬ್ಬದ ನಾಯಿನ್ನ ಬಿಟ್ಟು ಬಂದ್ಯಲ್ಲ?"

"ಒಂದು ನಾಯಿ ಸಲುವಾಗಿ ಊರ ಹೆಸ್ರು ಹಾಳ್ಮಾಡುಕೆ ಆಗ್ತದ್ಯೇ? ನಿಂಗೆ ತಿಳೂದಿಲ್ಲ ಬಿಡು."

"ನಂಗೆ ಲಾಯ್ಕ ತಿಳೀತದೆ. ನಮ್ಮನ್ನೂ ಹೀಗೇ ಅಲ್ವಾ ಲಾರಿಗೆ ತುಂಬಿ ತಂದು ಸುರ್ದದ್ದು? ದೇಶಕ್ಕೆ ಬೇಕು, ನಿಮ್ಗೆ ತಿಳೂದಿಲ್ಲ ಅಂತಲೇ ಅವ್ರೂ ಹೇಳಿದ್ರು."

ಅವನು ಫೋನು ಇಟ್ಟುಬಿಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಡುಗೆಮನೆಯ ಪಾತ್ರೆಗಳಿಗೆ ಹೇಳಿದೆ. ಮರುದಿನ ಮೊದಲ ಬಸ್ಸು ಹಿಡಿದು ಕಾರವಾರಕ್ಕೆ ಹೋದೆ.

ಸೇತುವೆಯಾಚೆ ಇಳಿದು ಅಂಗಡಿಯವರನ್ನು, ರಿಕ್ಷಾದವರನ್ನು ಕೇಳುತ್ತ ನಡೆದೆ. ಬೂದಿ ಬಣ್ಣ, ಎದೆ ಬಿಳಿ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ ಎಂದರೆ ಕೆಲವರು ನಕ್ಕರು. ಊರು ತುಂಬ ಅಂಥವೇ ಇವೆಯಲ್ಲ ಅಕ್ಕಾ ಎಂದರು. ದೇವಬಾಗದಲ್ಲಿ ಪ್ರವಾಸಿಗರು ಇಳಿದುಕೊಳ್ಳುವ ಕಡೆ ಸಿಗಲಿಲ್ಲ. ದಂಡೆಗುಂಟ ದೋಣಿಗಳಿರುವಲ್ಲಿಗೆ ಹೋದಾಗ ಕಂಡಿತು. ಯಾರದೋ ಮೀನಿನ ಚಾಪೆಯ ಮಗ್ಗುಲಲ್ಲಿ, ಮುಂಗಾಲಿನ ಮೇಲೆ ಗದ್ದವಿಟ್ಟು ಮಲಗಿತ್ತು. ಯಾರೂ ಅದಕ್ಕೆ ಕಾಯಲು ಹೇಳಿರಲಿಲ್ಲ.

ಮೀನು ಮಗುಚಿ ಹಾಕುತ್ತಿದ್ದ ಹೆಂಗಸು, "ನಿಮ್ದಾ ಇದು? ತಾನಾಗೇ ಬಂದು ಮಲಗ್ತು. ಕಾಗೆನೂ ಬಿಡೂದಿಲ್ಲ, ತಾನೂ ಮುಟ್ಟೂದಿಲ್ಲ. ಹಸ್ದಿತ್ತು, ಅನ್ನ ಹಾಕ್ದೆ" ಎಂದಳು. ಕರೆದುಕೊಂಡು ಹೋಗುತ್ತೇನೆ ಎಂದಾಗ ಅವಳ ಮುಖ ಸಣ್ಣಗಾಯಿತು. "ಮರಿ ಹಾಕಿದ್ಮೇಲೆ ಒಂದು ನಂಗೆ ಕೊಡಿ. ಯಾವ್ದಾದ್ರೂ ಅಡ್ಡಿಲ್ಲ."

ಯಾವುದಾದರೂ ಅಡ್ಡಿಯಿಲ್ಲ. ಆ ಮಾತು ಕೇಳಿ ನನ್ನ ಸಿಟ್ಟು ಇನ್ನಷ್ಟು ಏರಿತು. ರಿಕ್ಷಾ ಮಾಡಿಕೊಂಡು ನೆಟ್ಟಗೆ ಕಾಲೊನಿಗೇ ಹೊರಟೆ. ಸಂಘದವರನ್ನೆಲ್ಲ ಸೇರಿಸಿ, ಈ ನಾಯಿಯನ್ನು ನಡುವೆ ನಿಲ್ಲಿಸಿ, ಒಬ್ಬೊಬ್ಬರ ಮಾನವನ್ನೂ ಹರಾಜು ಹಾಕಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಅದಕ್ಕೆ ಆಸ್ಪದವೇ ಸಿಗಲಿಲ್ಲ. ರಿಕ್ಷಾ ನಿಂತದ್ದೇ ತಡ, ನಾಯಿ ನನ್ನ ಕೈಯಿಂದ ಹಗ್ಗ ಜಗ್ಗಿಕೊಂಡು ಮೆಟ್ಟಿಲು ಹತ್ತಿತು. ನಾನು ಏದುಸಿರು ಬಿಡುತ್ತ ಮೇಲೆ ಹೋಗುವಷ್ಟರಲ್ಲಿ ತನ್ನ ಜಾಗದಲ್ಲಿ ಮಲಗಿಯಾಗಿತ್ತು. ಆಯಿ ಬಿಸಿಲಿನಲ್ಲಿ ಕೋಲು ಹಿಡಿದು ನಿಂತಿದ್ದಳು. ಈ ವಯಸ್ಸಿನಲ್ಲಿ, ಆ ಮಂಡಿನೋವಿನಲ್ಲಿ, ದಿನವಿಡೀ ಅವಳೇ ಕಾಗೆ ಓಡಿಸುತ್ತಿದ್ದಳು.

ಕೆಳಗಿನಿಂದ ದಾದಾ ಕೂಗಿದ. "ಆಯೀ, ಇಳಿಸು ಅದನ್ನ. ನಾಳೆ ಪೇಟೆಯವ್ರು ಬರ್ತ್ರು."

ನಾನು ಆಯಿಯ ಎದುರು ಹೋಗಿ ನಿಂತೆ. "ಆ ಫೋಟೋದ ನಾಯಿ ಯಾವ ಬಣ್ಣ? ಈಗ ಹೇಳು. ಅವ್ನಿಗೆ ಕೇಳೂ ಹಾಗೆ ಹೇಳು."

ಆಯಿ ಕೋಲು ಕೆಳಗಿಟ್ಟು ನಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಅದರ ಕಿವಿಯ ಹಿಂದೆ ಕೆರೆದಳು. ನಾಯಿ ಕಣ್ಣು ಮುಚ್ಚಿತು.

"ಇದೇ ಬಣ್ಣ," ಎಂದಳು ಮೆಲ್ಲಗೆ. "ಇದ್ರ ಅಜ್ಜಿಯ ಅಜ್ಜಿಯ ಅಜ್ಜಿ ಅದು. ನಂಗೆ ಗೊತ್ತಿಲ್ವಾ?"

"ಮತ್ತೆ ಕೆಂಪು ಅಂದ್ಯಲ್ಲ, ಎಲ್ಲರೆದ್ರಿಗೆ?"

"ಉಳ್ದದ್ದು ಆ ಫೋಟೋ ಒಂದೇ ಮಗಾ. ಅದೂ ಸುಳ್ಳು ಹೇಳ್ತದೆ ಅಂತ ನಾನೇ ಹೇಳಿದ್ರೆ, ನಮ್ದೊಂದು ಊರಿತ್ತು ಅಂತ ನಾಳೆ ಯಾರು ನಂಬ್ತ್ರು?"

ಸಿಟ್ಟು ಹೋಯಿತು ಎಂದಲ್ಲ. ಇದ್ದಷ್ಟೂ ಇತ್ತು, ಈಗಲೂ ಇದೆ. ಅವಳ ಮೇಲೆ ಹಾಕುವುದು ಹೇಗೆ ಎಂದು ಮಾತ್ರ ತಿಳಿಯಲಿಲ್ಲ.

"ಕರ್ಕಂಡ್ ಹೋಗು ಇದನ್ನ," ಎಂದಳು ಆಯಿ. "ನಿನ್ ಮನೇಲಿ ಮರಿ ಹಾಕ್ಲಿ. ಒಂದನ್ನೂ ಈ ಕಡೆ ತರ್ಬೇಡ."

ಹಗ್ಗ ಹಿಡಿದು ಎಳೆದೆ, ನಾಯಿ ಏಳಲಿಲ್ಲ. ಗದರಿದೆ, ಬೇಡಿಕೊಂಡೆ. ಕೆಲಸ ಬಿಟ್ಟು ಏಳುವ ಅಭ್ಯಾಸ ಅದಕ್ಕಿರಲಿಲ್ಲ. ಕೊನೆಗೆ ಆಯಿಯೇ ಬಗ್ಗಿ ಅದರ ಹೊಟ್ಟೆಯ ಅಡಿ ಕೈಹಾಕಿ ಎತ್ತಿ ನನ್ನ ತೋಳಿಗೆ ಕೊಟ್ಟಳು. ಹೊಟ್ಟೆಯೊಳಗೆ ಮರಿಗಳು ಮಿಸುಕಿದ್ದು ನಮ್ಮಿಬ್ಬರ ಕೈಗೂ ತಿಳಿಯಿತು. ಆಯಿ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು, ಕೋಲು ಎತ್ತಿಕೊಂಡು ಕಾಗೆಗಳ ಕಡೆ ತಿರುಗಿದಳು.